ಲೇಪವಿರುವ ಮಗ್ಗುಲು

ಹೊಡೆದ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಜೇಬಿಗೆ ಹಾಕಿಕೊಂಡರೆ ಬಚ್ಚಿಟ್ಟಂತೆ, ಹಾಗೇ ಬಿಟ್ಟರೆ ಇನ್ನೊಂದಕ್ಕೆ ಸಿದ್ಧವಾಗಿ ನಿಂತಂತೆ. ಕೊನೆಗೆ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡ. ಬಾಯಾರಿಕೆ ಇರಲಿಲ್ಲ. ಹೆಂಡತಿ ಸಿಂಕಿನ ಅಂಚು ಹಿಡಿದು ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ, ಸುರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಏಟು ತಿಂದವಳಿಗೆ ನೀರು ಪೋಲಾಗುವ ಚಿಂತೆ ಬಂದದ್ದು ಅವನಿಗೆ ಅವಮಾನದಂತೆ ಕಂಡಿತು. ಅದಕ್ಕೇ ಮತ್ತೊಮ್ಮೆ ಬಾರಿಸಬೇಕೆನ್ನಿಸಿತು. ಅವಳು ಹೇಳಿದ್ದಾದರೂ ಏನು? "ಗಾಜಿನ ಮೇಲಿನ ನಿಮ್ಮ ಪದರ ಸ್ವಲ್ಪ ದಪ್ಪ ಆಗಿದೆಯಂತಲ್ಲ, ತಮ್ಮ ಹೇಳ್ತಿದ್ದ. ಇವತ್ತು ಅದನ್ನ ನೋಡೋಕೆ ಬರೋರ ಹತ್ರ ಅವನೇ ಮಾತಾಡ್ಲಿ ಬಿಡಿ. ನಿಮಗೆ ಬೇಗ ಸಿಟ್ಟು ಬರುತ್ತೆ." ಸಿಟ್ಟು ಬರುತ್ತೆ ಎಂದದ್ದಕ್ಕೇ ಸಿಟ್ಟು ಬಂದಿತ್ತು, ಅವಳ ಮಾತಿಗೆ ಸಾಕ್ಷಿ ಹೇಳಲು ಕೈ ತಾನಾಗಿ ಮುಂದೆ ಬಂದಿತ್ತು. ಕೈ ಜಾರಿತು ಎಂದುಕೊಂಡ. ಹಿಂದಿನ ಸಲವೂ ಜಾರಿತ್ತು, ಅದರ ಹಿಂದಿನ ಸಲವೂ. ಅಷ್ಟೊಂದು ಜಾರುವ ಕೈಯಿಂದ ಅವನು ಹಗಲೆಲ್ಲ ಗಾಜು ಹಿಡಿಯುತ್ತಿದ್ದ, ಒಂದು ಗಾಜೂ ಇದುವರೆಗೆ ಬಿದ್ದಿರಲಿಲ್ಲ. ಅವನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವಳು ಅಂದಳು: "ಇವತ್ತು ಅವನಿಗೆ ಹೇಳ್ತೀನಿ." "ಹೇಳು, ಯಾರು ಬೇಡ ಅಂದ್ರು?" ಎಂದು ಬಾಗಿಲು ಎಳೆದುಕೊಂಡ.

ಮನೆಯಿಂದ ಪ್ರಯೋಗಾಲಯ ಎರಡು ಬೀದಿ ದೂರ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುವಷ್ಟು ಹತ್ತಿರ. ಮುಂದೆ ಒಬ್ಬ ನಿಧಾನವಾಗಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನ ಬೆನ್ನಿಗೆ ಒದ್ದರೆ ಹೇಗೆ ಬೀಳುತ್ತಾನೆ, ಚಕ್ರ ಎಷ್ಟು ಹೊತ್ತು ತಿರುಗುತ್ತದೆ, ಹಲ್ಲು ಯಾವ ಕಲ್ಲಿಗೆ ತಾಗುತ್ತದೆ ಎಂಬುದೆಲ್ಲ ಕಣ್ಣಿಗೆ ಕಟ್ಟಿ, ಅವನನ್ನು ದಾಟುವಾಗ ಸುಮ್ಮನೆ ನಕ್ಕ. ಸೈಕಲ್ಲಿನವನೂ ಪಾಪ ನಕ್ಕ. ಹೇಳಲಿ. ಹೇಳಿದರೆ ಏನಾಗುತ್ತದೆ? ಏನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಮ್ಮ ಕೆಲಸ ಮಾಡುವುದು ಅವನ ಪಕ್ಕದ ಮೇಜಿನಲ್ಲೇ. ಉದ್ದಕ್ಕೆ ಬೆಳೆದ, ಮೈಯಲ್ಲಿ ಮಾಂಸವಿಲ್ಲದ ಹುಡುಗ, ಮೇಲಾಗಿ ಆಂಟೆನಾ ಕಲಿತವನು. ಬಂದ ವಾರದಲ್ಲೇ ಎಲ್ಲರ ಬಾಯಲ್ಲಿ ಕಡ್ಡಿಯಾದ. ಕಡ್ಡಿ ಇವನನ್ನು ಭಾವ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಗುಮಾಸ್ತೆಯಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರೂ ಇವನನ್ನು ಭಾವ ಎಂದೇ ಕರೆದರು, ಹುರುಪಿನಲ್ಲಿದ್ದರೆ ನಿರ್ದೇಶಕರೂ. ಇಷ್ಟು ಜನ ಭಾವಮೈದುನರಿರುವ ಗಂಡಸು ಲೋಕದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಆ ಕರೆಯಲ್ಲಿ ಒಂದು ಸಲಿಗೆಯಿತ್ತು, ಒಂದು ಮರ್ಯಾದೆಯಿತ್ತು. ಕಡ್ಡಿಗೆ ಗೊತ್ತಾದ ದಿನ ಅದು ಎಲ್ಲರ ಬಾಯಿಂದಲೂ ಒಟ್ಟಿಗೆ ಬಿದ್ದುಹೋಗುತ್ತದೆ. ಹೆಂಡತಿಯ ಕೆನ್ನೆಗಿಂತ ಅವನಿಗೆ ನೋವಾದದ್ದು ಇದು, ಮತ್ತು ಇದು ನೋವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಅವನ ಕೆಲಸ ಗಾಜಿನ ಮೇಲೆ ಪದರ ಕೂರಿಸುವುದು. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಡಬ್ಬಿಯೊಳಗೆ ಲೋಹದ ಆಕ್ಸೈಡಿನ ಬಿಲ್ಲೆಯನ್ನು ಕಣಕಣವಾಗಿ ಕಿತ್ತು ಎದುರಿನ ಗಾಜಿಗೆ ಹೊಡೆಸಬೇಕು. ಕಿತ್ತ ಕಣಗಳು ಹೋಗಿ ಅಪ್ಪಳಿಸಿ ಅಲ್ಲೇ ಅಂಟಿ, ಈರುಳ್ಳಿಯ ಪೊರೆಯೂ ಅದರ ಮುಂದೆ ಗೋಣಿಯೆನ್ನುವಷ್ಟು ತೆಳುವಾದ ಪದರವಾಗುತ್ತವೆ. ಕಣ್ಣಿಗೆ ಬರೀ ಗಾಜು. ಆದರೆ ವಿದ್ಯುತ್ತು ತಂತಿಯಲ್ಲಿ ಹರಿದಂತೆ ಹರಿಯುತ್ತದೆ. ಆ ಪದರವನ್ನೇ ಚೌಕವಾಗಿ ಕೊರೆದರೆ ಅದೇ ಆಂಟೆನಾ. ಅದನ್ನು ಸೌರಕೋಶದ ತಲೆಯ ಮೇಲೆ ಹೊದಿಸಿದರೆ ಬಿಸಿಲು ಅದರ ಮೂಲಕವೇ ಇಳಿದು ಕೋಶಕ್ಕೆ ಊಟವಾಗುತ್ತದೆ, ಮೇಲಿನ ಚೌಕ ಆಕಾಶದೊಂದಿಗೆ ಮಾತಾಡುತ್ತದೆ. ಚಪ್ಪಲಿ ಡಬ್ಬಿಯಷ್ಟು ಪುಟ್ಟ ಉಪಗ್ರಹದ ಮೈಮೇಲೆ ಎರಡಕ್ಕೂ ಬೇರೆಬೇರೆ ಜಾಗವೆಲ್ಲಿದೆ? ಪದರ ದಪ್ಪವಾದರೆ ವಿದ್ಯುತ್ತು ಸುಖವಾಗಿ ಹರಿಯುತ್ತದೆ, ಬಿಸಿಲು ಸಾಯುತ್ತದೆ. ತೆಳುವಾದರೆ ಬಿಸಿಲು ಬದುಕುತ್ತದೆ, ಆಂಟೆನಾ ಮೂಕವಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಆ ದರಿ ಪುಲಿಗಳ ನಡುವೆ ಅವನು ವರ್ಷಗಟ್ಟಲೆ ಒಬ್ಬನೇ ನಡೆದಿದ್ದ, ಕಡ್ಡಿ ಬಂದು "ಸ್ವಲ್ಪ ದಪ್ಪ ಆಯ್ತು ಭಾವ" ಎಂದು ನಗುತ್ತಾ ಹೇಳುವ ತನಕ. ಮದುವೆಯಾದ ಹೊಸದರಲ್ಲಿ ಅಂಥದೇ ಒಂದು ಗಾಜನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳು ಅದನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಮೂಗಿನ ಹತ್ತಿರ ತಂದು, "ಇದರಲ್ಲೇನಿದೆ ರೀ?" ಎಂದಳು. "ಇದೆ, ಕಾಣಲ್ಲ ಅಷ್ಟೆ." ಅವಳು ಗಟ್ಟಿಯಾಗಿ ನಕ್ಕಳು. ಆಗ ಆ ನಗು ಅವನಿಗೆ ಇಷ್ಟವಾಗಿತ್ತು.

"ಏನ್ ಭಾವ, ಮುಖ ಯಾಕೆ ಹಾಗಿದೆ?" ಕಡ್ಡಿ ಮೇಜಿನ ಮೇಲೆ ಕೇಬಲ್ಲು ಸುತ್ತುತ್ತಿದ್ದ.

"ಹೇಗಿದೆ?"

"ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ."

"ನಿಮ್ಮಕ್ಕ ಏನಾದ್ರೂ ಫೋನ್ ಮಾಡಿದ್ಲಾ?"

ಕೇಳಬಾರದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನೋಡಿ ಅವನು ಎಷ್ಟೋ ಸಲ ನಕ್ಕಿದ್ದ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ. ಕಡ್ಡಿ ಕೇಬಲ್ಲಿನಿಂದ ತಲೆ ಎತ್ತಿದ. "ಇಲ್ಲ. ಯಾಕೆ, ಏನ್ ಹೇಳ್ಬೇಕಿತ್ತು?" "ಏನಿಲ್ಲ, ಏನೋ ತರಕಾರಿ..." ಎಂದು ಇವನು ಕೈಗವಸು ಹುಡುಕುವ ನೆಪದಲ್ಲಿ ಬಗ್ಗಿದ. ಬಗ್ಗಿದಲ್ಲೇ ಸ್ವಲ್ಪ ಹೊತ್ತು ಇದ್ದ. ಕಡ್ಡಿಯ ಬೂಟುಗಳು ಕಾಣುತ್ತಿದ್ದವು, ಒಂದರ ದಾರ ಬಿಚ್ಚಿತ್ತು. ಅವು ಅಲ್ಲಾಡಲಿಲ್ಲ. ತನ್ನನ್ನೇ ನೋಡುತ್ತಾ ನಿಂತಿದ್ದಾನೆ ಎನ್ನಿಸಿತು. ಆ ಬೂಟಿನ ಮೇಲೆ ಪಕ್ಕದಲ್ಲಿದ್ದ ಕಬ್ಬಿಣದ ಮುಚ್ಚಳ ಬೀಳಿಸಿದರೆ ಎಲ್ಲ ಬೆರಳೂ ಒಟ್ಟಿಗೆ ಮುರಿಯುತ್ತವೆ. ಆಗ ಕಡ್ಡಿ ಅಕ್ಕನ ವಿಷಯ ಕೇಳುವುದಿಲ್ಲ, ಆಸ್ಪತ್ರೆಯ ವಿಷಯ ಕೇಳುತ್ತಾನೆ. ಈ ಯೋಚನೆ ಬಂದದ್ದು ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ದಿಗಿಲಾಯಿತು. ಎದ್ದ. ಕಡ್ಡಿ ಆಗಲೇ ಮತ್ತೆ ಕೇಬಲ್ಲು ಸುತ್ತುತ್ತಿದ್ದ.

ಪದರ ಮಾಡಿದವನೇ ಗಾಜನ್ನು ಕೋಶದ ಮೇಲಿಡಬೇಕು, ಬೇರೆಯವರು ಮುಟ್ಟಬಾರದು. ಇದು ಅಲ್ಲಿಯ ರೂಢಿ, ಆ ರೂಢಿ ಮಾಡಿದವನೂ ಅವನೇ. ಲೇಪ ಮೇಲ್ಮುಖವಾಗಿರಬೇಕು, ಅದಕ್ಕೇ ಇಡುವ ಮೊದಲು ಮೀಟರಿನ ಎರಡು ಮೊನೆಗಳನ್ನು ಗಾಜಿಗೆ ತಾಗಿಸಬೇಕು. ಲೇಪವಿರುವ ಮಗ್ಗುಲಾದರೆ ಮೀಟರು ಕೂಗುತ್ತದೆ, ಇಲ್ಲದ ಮಗ್ಗುಲಾದರೆ ಸುಮ್ಮನಿರುತ್ತದೆ. ಕಣ್ಣಿಗೆ ಎರಡೂ ಒಂದೇ. ತಾಗಿಸಿದ, ಕೂಗಿತು. ಚಿಮಟದಲ್ಲಿ ಗಾಜಿನ ಅಂಚು ಹಿಡಿದು ಎತ್ತಿದ. ಆಗ ಕಡ್ಡಿಯ ಫೋನು ಬಡಿದುಕೊಂಡಿತು. "ಹೇಳಕ್ಕ," ಎಂದು ಕಡ್ಡಿ ಕಿಟಕಿಯತ್ತ ಹೋದ. ಆಮೇಲೆ ಕಡ್ಡಿಯ ಬಾಯಿಂದ "ಹೂಂ" ಬಿಟ್ಟರೆ ಬೇರೆ ಮಾತಿಲ್ಲ. ಬೆನ್ನು ಮಾತ್ರ ಇವನ ಕಡೆ. ಉದ್ದನೆಯ ಕುತ್ತಿಗೆ, ಅದರ ನಡುವಿನ ಗುಳಿ, ಕ್ಷೌರ ಮಾಡಿಸಿದ ಕೂದಲಿನ ಅಂಚು. ಚಿಮಟದ ತುದಿ ಆ ಗುಳಿಯಲ್ಲಿ ಎಷ್ಟು ಒಳಕ್ಕೆ ಹೋಗುತ್ತದೆ ಎಂದು ಅವನು ಅಳೆದ. ಹೂಂ. ಹೂಂ. ಒಂದು ಹೂಂ ಉದ್ದವಾಯಿತು. ಕುತ್ತಿಗೆ ಕೆಂಪಾಯಿತೇ? ಬಿಸಿಲಿಗಿರಬಹುದು. ಬೆರಳ ನಡುವೆ ಚಿಮಟ ಯಾವಾಗ ಹೊರಳಿತೋ ಅವನಿಗೆ ಗೊತ್ತಾಗಲಿಲ್ಲ. ಗಾಜನ್ನು ಕೋಶದ ಮೇಲಿಟ್ಟ, ಪಾರದರ್ಶಕ ಅಂಟು ಹಿಡಿಯಿತು, ಲೇಪಕ್ಕೆ ವಿದ್ಯುತ್ತು ಮುಟ್ಟಿಸುವ ಸ್ಪ್ರಿಂಗಿನ ಮೊಳೆಯನ್ನು ಮೇಲಿನಿಂದ ಒತ್ತಿ ತಿರುಪು ಬಿಗಿದ. ಕಡ್ಡಿ ತಿರುಗಿ ಬಂದ. ಮುಖದಲ್ಲಿ ಏನೂ ಇರಲಿಲ್ಲ. "ಏನಂತೆ?" "ಏನಿಲ್ಲ ಭಾವ, ತರಕಾರಿ." ಅವನು ಬಿಗಿದ ತಿರುಪನ್ನೇ ಇನ್ನೊಮ್ಮೆ ಬಿಗಿದ.

ಬಂದವರು ಮೂರು ಜನ, ಉಪಗ್ರಹ ಮಾಡುವವರು. ಅವರಲ್ಲಿ ಹಿರಿಯಳು ನರೆತ ಕೂದಲಿನ ಒಬ್ಬ ಹೆಂಗಸು. ಅವಳು ಯಾರ ಮಾತಿಗೂ ತಲೆಯಾಡಿಸದೆ ಯಂತ್ರವನ್ನು ಮಾತ್ರ ನೋಡುತ್ತಿದ್ದಳು. ಕೋಶವನ್ನು ಪರೀಕ್ಷೆಯ ಕೋಣೆಯ ಕಂಬದ ಮೇಲೆ ನಿಲ್ಲಿಸಿ, ಎದುರಿನಿಂದ ದೊಡ್ಡ ದೀಪ ಹಚ್ಚಿ, ಎಲ್ಲರೂ ಹೊರಗಿನ ಪರದೆಯ ಮುಂದೆ ನಿಂತರು. ಬಿಸಿಲಿನಂಥ ಬೆಳಕು ಬಿದ್ದದ್ದೇ ಕೋಶಕ್ಕೆ ಕಟ್ಟಿದ್ದ ಪುಟ್ಟ ಫ್ಯಾನು ಗರಗರ ತಿರುಗಿತು. "ನೋಡಿ, ಬೆಳಕಿಗೆ ಅಡ್ಡಿಯೇ ಇಲ್ಲ," ಎಂದು ನಿರ್ದೇಶಕರು ತಾವೇ ಪದರ ಬಡಿದವರಂತೆ ಹೇಳಿದರು. ಈಗ ಆಂಟೆನಾ. ಪರದೆಯ ಮೇಲೆ ಗೆರೆ ಏಳಬೇಕು. ಗೆರೆ ಮಲಗಿತ್ತು. ಕಡ್ಡಿ ಕೇಬಲ್ಲು ಬಿಗಿ ಮಾಡಿದ, ಮಲಗಿತ್ತು. ಪದರದವನಿಗೆ ಅಷ್ಟರಲ್ಲೇ ಗೊತ್ತಾಯಿತು. ಸತ್ತವರ ಮನೆಯಲ್ಲಿ ಮೊದಲು ಸುದ್ದಿ ತಿಳಿದವನಿಗೆ ಆಗುವಂತೆ ಕೈಕಾಲು ತಣ್ಣಗಾದವು. ಗಾಜು ತಲೆಕೆಳಗಾಗಿದೆ, ಲೇಪ ಕೆಳಗೆ ಅಂಟಿನಲ್ಲಿ ಮುಚ್ಚಿಹೋಗಿದೆ, ಮೊಳೆ ಕೂತಿರುವುದು ಬರೀ ಗಾಜಿನ ಮೇಲೆ. ಕಾಲೇಜು ಹುಡುಗರು ಮಾಡುವ ತಪ್ಪು. ಹುಡುಗರು ಮಾಡಿದಾಗ ಅವನು ಗಾಜನ್ನು ಅವರ ಕಾಲ ಬುಡದಲ್ಲಿ ಒಡೆದು ಬುದ್ಧಿ ಕಲಿಸಿದ್ದ. ನರೆತ ಕೂದಲಿನವಳು ಮೊದಲ ಬಾರಿಗೆ ಮನುಷ್ಯರ ಮುಖ ನೋಡಿದಳು, ಒಂದಾದ ಮೇಲೊಂದು. ಅವಳ ಕಣ್ಣು ತನ್ನ ಮೇಲೆ ಬರುವ ಮೊದಲೇ ಅವನು ಕಡ್ಡಿಯತ್ತ ಕೈ ತೋರಿಸಿ ಹೇಳಿದ: "ಜೋಡಿಸಿದ್ದು ಇವನು."

ಪದರದವನೇ ಜೋಡಿಸುವುದೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಕಡ್ಡಿ ಅವನನ್ನು ನೋಡಿದ. ಅದು ಸಿಟ್ಟಿನ ನೋಟವಲ್ಲ. ಲೆಕ್ಕ ಹಾಕುವವನ ನೋಟ. ಆಮೇಲೆ ಕಡ್ಡಿ ನಿರ್ದೇಶಕರತ್ತ ತಿರುಗಿ, "ಹೌದು ಸರ್. ನನ್ನಿಂದಲೇ ತಪ್ಪಾಯ್ತು. ಗಾಜು ತಲೆಕೆಳಗಾಗಿದೆ. ಇನ್ನೊಂದಿದೆ, ಊಟ ಮುಗಿಸಿ ಬನ್ನಿ, ಸರಿಮಾಡಿ ಇಟ್ಟಿರ್ತೀನಿ," ಎಂದ. ನಿರ್ದೇಶಕರು ಬಂದವರ ಮುಂದೆಯೇ ಹುಡುಗನನ್ನು ಸುಲಿದು ನೇತುಹಾಕಿದರು. ಕತ್ತೆ ಕಾಯುವುದಕ್ಕೂ ಲಾಯಕ್ಕಿಲ್ಲ ಎಂದರು, ಭಾವನ ಬಾಲ ಹಿಡಿದು ಒಳಗೆ ಬಂದವನು ಎಂದರು. ಕಡ್ಡಿ ನೆಲ ನೋಡುತ್ತಾ ನಿಂತಿದ್ದ. ಆ ಬೈಗಳು ಒಂದೊಂದೂ ತನ್ನನ್ನು ಬಿಟ್ಟು ಪಕ್ಕದವನಿಗೆ ಬೀಳುವಾಗ ಅವನಿಗೆ, ಹೇಳಲು ಅಸಹ್ಯ, ಮೈ ಬೆಚ್ಚಗಾಯಿತು. ಗೊತ್ತಿಲ್ಲ! ಹೆಂಡತಿ ಹೇಳಿಲ್ಲ! ಗೊತ್ತಿದ್ದವನು ಹೀಗೆ ತಲೆ ಕೊಡುತ್ತಾನೆಯೇ? ಮರ್ಯಾದೆಗೆ, ಬರೀ ಭಾವ ಎಂಬ ಮರ್ಯಾದೆಗೆ, ಈ ಹುಡುಗ ತನ್ನ ಹೊಲಸನ್ನು ತಲೆ ಮೇಲೆ ಹೊತ್ತುಕೊಂಡ. ಎಲ್ಲರೂ ಊಟಕ್ಕೆ ಹೋದ ಮೇಲೆ ಅವನ ಕಣ್ಣು ಒದ್ದೆಯಾದವು. ಹೆಂಡತಿಯ ಮೇಲೂ ಪ್ರೀತಿ ಉಕ್ಕಿತು. ಒಳ್ಳೆಯವಳು, ಹೇಳಿಲ್ಲ. ಈಗಲೇ ಮನೆಗೆ ಹೋಗಿ, ಏನಾದರೂ ಮಾತಾಡಿಸಿ, ಅವಳ ಕೈಯ ಊಟ ಮಾಡಿ ಬಂದರೆ ಬೆಳಗಿನದೆಲ್ಲ ಅಳಿಸಿಹೋಗುತ್ತದೆ. ಕೈಗವಸು ಕಳಚಿ ಬಾಗಿಲತ್ತ ಹೊರಟ.

"ಭಾವ, ಮನೆಗಾ?" ಕಡ್ಡಿ ಪರೀಕ್ಷೆಯ ಕೋಣೆಯೊಳಗಿನಿಂದ ಕರೆದ. "ಆಮೇಲೆ ಹೋಗೋರಂತೆ. ಒಂದ್ ನಿಮಿಷ ಒಳಗೆ ಬನ್ನಿ."

ಹೋದ. ಆ ಕೋಣೆಗೆ ಗೋಡೆ, ಸೂರು, ನೆಲ ಎಲ್ಲ ಕಡೆಗೂ ಕಪ್ಪು ಸ್ಪಂಜಿನ ಮುಳ್ಳುಗಳು. ಅಲೆಗಳು ಎಲ್ಲಿಗೆ ಬಡಿದರೂ ಹೀರಿಹೋಗಬೇಕು, ತಿರುಗಿ ಬರಬಾರದು. ಮಾತೂ ಹಾಗೆಯೇ, ಬಾಯಿಂದ ಹೊರಟು ಅಲ್ಲೇ ಸಾಯುತ್ತಿತ್ತು. ಕಡ್ಡಿ ಎರಡನೆಯ ಗಾಜನ್ನು ಆಗಲೇ ಇನ್ನೊಂದು ಕೋಶದ ಮೇಲೆ ಸರಿಯಾಗಿ ಕೂರಿಸಿ ಕಂಬದ ಮೇಲಿಟ್ಟಿದ್ದ, ಎಲ್ಲ ಚಾಲೂ ಇತ್ತು. ಕಡ್ಡಿ ಹೋಗಿ ದಪ್ಪನೆಯ ಬಾಗಿಲನ್ನು ಎಳೆದು ಮುಚ್ಚಿದ.

"ಬಹಳ ದೊಡ್ಡ ಮನಸ್ಸು ಕಣೋ ನಿಂದು," ಎಂದು ಅವನು ಶುರುಮಾಡಿದ. "ನಾನು ಆಗ ಏನೋ ಗಾಬರೀಲಿ..."

"ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅಕ್ಕ ಫೋನ್ ಮಾಡಿದ್ಲಲ್ಲ, ಎಲ್ಲ ಹೇಳಿದ್ಲು. ಬೆಳಿಗ್ಗೆಯಿಂದ ಒಂದು ಕಿವಿ ಕೇಳಿಸ್ತಿಲ್ಲ ಅವಳಿಗೆ. ಇಲ್ಲಿ ನಿಮಗೆ ಸೋಲಾದ್ರೆ ಅಲ್ಲಿ ಯಾರಿಗೆ ಬೀಳುತ್ತೆ ಅಂತ ನಂಗೊತ್ತು. ಅದಕ್ಕೇ ಒಪ್ಕೊಂಡೆ. ನಿಮಗೋಸ್ಕರ ಅಂದ್ಕೊಂಡ್ರಾ?"

ಅವನ ಮುಖದ ಮೇಲೆ ಆಗಲೇ ಬಂದಿದ್ದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಮರ್ಯಾದೆಯಲ್ಲ. ಹುಚ್ಚು ನಾಯಿಗೆ ರೊಟ್ಟಿ ಎಸೆದಂತೆ ತನಗೆ ಒಂದು ಗೆಲುವನ್ನು ಎಸೆದಿದ್ದಾನೆ, ಕಚ್ಚದಿರಲಿ ಎಂದು. ಇದಕ್ಕಿಂತ ನಿರ್ದೇಶಕರ ಬೈಗಳೇ ಲೇಸಾಗಿತ್ತು. "ಮನೆ ವಿಷಯ," ಎಂದ. "ಗಂಡ ಹೆಂಡ್ತಿ ಮಧ್ಯೆ ನೀನು ಬರಬೇಡ." ಬಾಗಿಲತ್ತ ತಿರುಗಿದ. ಕಡ್ಡಿ ಅಡ್ಡ ಬಂದ.

"ಎಲ್ಲಿಗೆ? ಅವಳನ್ನ ವಿಚಾರಿಸ್ಕೊಳ್ಳೋಕಾ? ನಾನಿದ್ದೀನಲ್ಲ, ಇಲ್ಲೇ ತೀರಿಸ್ಕೊಳ್ಳಿ."

"ದಾರಿ ಬಿಡು."

"ಕೈ ಬರಲ್ವಾ? ನನಗೆ ಮೈಯಲ್ಲಿ ಮಾಂಸ ಇಲ್ಲ, ಏನೂ ತೊಂದ್ರೆ ಇಲ್ಲ. ಅವಳಾದ್ರೆ ಮಾತ್ರ ಬರುತ್ತಾ? ಹೇಳಿ ಭಾವ. ಪದರವಂತೂ ಸರಿಯಾಗಿ ಬಡಿಯೋಕೆ ಬರಲಿಲ್ಲ ನಿಮಗೆ."

ಹೊಡೆದ. ಮೊದಲ ಏಟು ಕೆನ್ನೆಯ ಮೂಳೆಗೆ ಬಿತ್ತು, ಆದರೆ ಸದ್ದೇ ಆಗಲಿಲ್ಲ. ಅಡುಗೆಮನೆಯಲ್ಲಿ ಆದಾಗ ಪಾತ್ರೆಗಳೆಲ್ಲ ಕೇಳಿಸಿಕೊಂಡಂತೆ ಆಗಿತ್ತು. ಇಲ್ಲಿ ಗೋಡೆ ಅದನ್ನು ನುಂಗಿತು, ಹೊಡೆದೇ ಇಲ್ಲವೆನ್ನುವ ಹಾಗೆ. ಅದಕ್ಕೇ ಇನ್ನೂ ಜೋರಾಗಿ ಹೊಡೆದ. ಮುಷ್ಟಿಯಲ್ಲಿ ಹೊಡೆದ, ಬಾಯಿಗೆ ಹೊಡೆದ, ಬೆರಳ ಗೆಣ್ಣಿಗೆ ಹಲ್ಲು ತಾಗಿ ಚರ್ಮ ಕಿತ್ತಿತು. ಕಡ್ಡಿ ಕೈ ಎತ್ತಲಿಲ್ಲ. ಎರಡು ಕೈಯಲ್ಲೂ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲ. ಮುಳ್ಳುಗಳ ಮೇಲೆ ಇಬ್ಬರೂ ಬಿದ್ದರು. ಸ್ಪಂಜು ಮುರಿದು ಕಪ್ಪು ಪುಡಿ ಬಾಯಿಗೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎಂದು ಯಾರೋ ಅವನೊಳಗೆ ನಗುತ್ತಿದ್ದರು. ಆ ನಗುವವನ ಮುಖಕ್ಕೂ ಸೇರಿಸಿ ಹೊಡೆದ. ದಪ್ಪ ಆಯ್ತಂತೆ. ಬೇಗ ಸಿಟ್ಟು ಬರುತ್ತಂತೆ. ಒಂದೊಂದು ಏಟಿಗೂ ಕೈ ಹಗುರವಾಗುತ್ತಿತ್ತು, ಮನಸ್ಸು ಸ್ವಚ್ಛವಾಗುತ್ತಿತ್ತು, ಇದು ಬಹಳ ಸುಖವಾಗಿತ್ತು. ಆ ಸುಖ ತನಗೆ ಹೊಸದಲ್ಲ ಎಂಬುದೂ ಆ ಹೊತ್ತಿನಲ್ಲಿ ನಿಚ್ಚಳವಾಗಿ ಗೊತ್ತಾಯಿತು. ಕೈ ಯಾವತ್ತೂ ಜಾರಿರಲಿಲ್ಲ. ಎದುರಿನಿಂದ ದೀಪದ ಬಿಳಿ ಬೆಳಕು ಸುರಿಯುತ್ತಿತ್ತು. ಕಂಬದ ಮೇಲೆ ಫ್ಯಾನು ತಿರುಗುತ್ತಿತ್ತು. ಕಡ್ಡಿಯ ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಅವನನ್ನೇ ನೋಡುತ್ತಿತ್ತು. ಹಿಡಿದ ಅಂಗಿಯನ್ನು ಬಿಟ್ಟಿರಲಿಲ್ಲ.

ಬಾಗಿಲು ತೆರೆಯಿತು. ನಿರ್ದೇಶಕರು, ಅವರ ಹಿಂದೆ ಬಂದವರು ಮೂವರು. "ಏನಯ್ಯಾ, ಗೆರೆ ಬಂದಿದೆ, ಆದರೆ ಹುಚ್ಚು ಹಿಡಿದ ಹಾಗೆ ಕುಣೀತಿದೆ..." ಎಂದು ಹೇಳುತ್ತಲೇ ಒಳಗೆ ಕಾಲಿಟ್ಟ ನಿರ್ದೇಶಕರು ಅಲ್ಲೇ ನಿಂತರು. ಅವನ ಮುಷ್ಟಿ ಇನ್ನೂ ಮೇಲಿತ್ತು. ಇಳಿಸಬೇಕೆಂದುಕೊಂಡ, ಅದು ಇಳಿಯಲು ಹೊತ್ತು ಹಿಡಿಯಿತು. ಕಡ್ಡಿ ಅಂಗಿ ಬಿಟ್ಟು, ಒಂದು ಮುಳ್ಳನ್ನು ಆಧಾರ ಹಿಡಿದು, ಅದೂ ಮುರಿದು, ಕೊನೆಗೆ ಗೋಡೆಗೆ ಒರಗಿ ಎದ್ದ. ಗಲ್ಲದಿಂದ ರಕ್ತ ಅಂಗಿಗೆ ಇಳಿಯುತ್ತಿತ್ತು.

"ಆಂಟೆನಾ ಸರಿಯಾಗಿದೆ ಸರ್," ಎಂದ. ತುಟಿ ಊದಿ ಮಾತು ತೊದಲುತ್ತಿತ್ತು. "ಪದರಾನೂ ಸರಿಯಾಗೇ ಇದೆ, ದಪ್ಪ ಏನಿಲ್ಲ. ನಾವಿಬ್ರೂ ಅಡ್ಡ ಬಂದ್ವಲ್ಲ, ಅದಕ್ಕೆ ಗೆರೆ ಕುಣೀತು."

ನರೆತ ಕೂದಲಿನವಳು ತನ್ನ ಕರವಸ್ತ್ರವನ್ನು ಕಡ್ಡಿಯ ಕಡೆ ಚಾಚಿದಳು. "ಯಾರು ಶುರು ಮಾಡಿದ್ದು?" ಎಂದು ನಿರ್ದೇಶಕರು ಕೇಳಿದರು. ಅವನು ಕಡ್ಡಿಯತ್ತ ನೋಡಿದ. ನಾಚಿಕೆಯಿಲ್ಲದೆ, ಅಭ್ಯಾಸಬಲದಿಂದ, ಈ ಸಲವೂ ಒಪ್ಪಿಕೊಳ್ಳಲಿ ಎಂದು ಕಾದ. ಕಡ್ಡಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅವರ ನಡುವೆ ನುಸುಳಿ ಹೊರಗೆ ಹೋದ. ಆ ಕೋಣೆಯೊಳಗೆ ಫೋನು ಹಿಡಿಯುವುದಿಲ್ಲ. ಹೊರಗೆ ಕಾಲಿಟ್ಟದ್ದೇ ಜೇಬಿನಲ್ಲಿ ಅದು ಬಡಿದುಕೊಳ್ಳತೊಡಗಿತು.

"ಅಕ್ಕಾ," ಎಂದ ಕಡ್ಡಿ. "ಹೊರಟ್ಯಾ? ಬಟ್ಟೆ ಎಲ್ಲ ತಗೊಂಡ್ಯಾ? ... ಆಗಲೇ ಬಸ್ಸಲ್ಲಿದ್ದೀಯಾ? ಸರಿ, ಸರಿ, ಒಳ್ಳೇದಾಯ್ತು. ಇಲ್ಲ, ಊಟಕ್ಕೆ ಬರಲಿಲ್ಲ ಅವರು. ಇಲ್ಲೇ ಇದ್ದಾರೆ." ಉಗುಳಿ, ಗಂಟಲು ಸರಿಮಾಡಿಕೊಂಡ. "ಇಷ್ಟು ಹೊತ್ತೂ ನಾನೇ ಹಿಡ್ಕೊಂಡಿದ್ದೆ."

ಒಳಗಿದ್ದ ಅವನು ಅದನ್ನು ಕೇಳಿ, ಮನೆಗೆ ಓಡಲೆಂದು ಬಾಗಿಲಿಗೆ ಬಂದ. ಅಲ್ಲಿ ನಿಂತವರು ಯಾರೂ ದಾರಿ ಬಿಡಲಿಲ್ಲ.